ಪದಗಳು ಗೊತ್ತಿದ್ದರೂ ಅರ್ಥ ಕೈಗೆ ಸಿಗುತ್ತಿಲ್ಲ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಇಂಗ್ಲಿಷ್ ಉಪನ್ಯಾಸಕಿಯ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಾನು ಚೇರಂಬಾಣೆ ಕಡೆಯವಳು. ಮನೆಮಾತು ಅರೆಭಾಷೆ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಮಡಿಕೇರಿಯಲ್ಲಿ ಬಿ.ಎ. ಮೊದಲ ವರ್ಷ. ಬರುವ ವರ್ಷ ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂಬ ಆಸೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕುಳಿತರೆ ಇಂಗ್ಲಿಷ್ ಪ್ಯಾಸೇಜಿನಲ್ಲೇ ಸೋಲುತ್ತೇನೆ. ಎರಡು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಆಶ್ಚರ್ಯವೆಂದರೆ ಹೆಚ್ಚಿನ ಪದಗಳು ಗೊತ್ತಿರುತ್ತವೆ. ಉತ್ತರ ಹುಡುಕುವಾಗ ನಾಲ್ಕರಲ್ಲಿ ಎರಡು ಸರಿಯೆನ್ನಿಸುತ್ತವೆ, ನಾನು ಆರಿಸಿದ್ದೇ ತಪ್ಪಾಗಿರುತ್ತದೆ. ಗೆಳತಿಯರು ಮೂರು ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಿದ್ದಾರೆ. ನಾನೂ ಮಾಡಲೇ? ಮೈಸೂರಿಗೆ ಕೋಚಿಂಗ್‌ಗೆ ಕಳಿಸುವ ಶಕ್ತಿ ಮನೆಯಲ್ಲಿಲ್ಲ.

ಉತ್ತರ: ಮಗಳೇ, ಪದಗಳ ಪಟ್ಟಿಯನ್ನು ಇಂದೇ ಮಡಚಿಡು. ಪದಗಳು ಗೊತ್ತಿವೆ ಎಂದು ನೀನೇ ಬರೆದಿದ್ದೀಯೆ. ಹಾಗಿದ್ದಮೇಲೆ ಇಲ್ಲದ ಕಾಯಿಲೆಗೆ ಮದ್ದು ಏಕೆ? ನಿನ್ನ ತೊಡಕು ಇರುವುದು ವಾಕ್ಯದ ಕಟ್ಟಡದಲ್ಲಿ. ಕೊಡಗಿನ ಕಾಲೇಜುಗಳಲ್ಲಿ ನಾನು ಪಾಠ ಮಾಡಿದ ಮಕ್ಕಳಲ್ಲಿ ಬಹುಪಾಲಿನವರ ತೊಡಕು ಇದೇ ಆಗಿತ್ತು. ಅರೆಭಾಷೆಯ ಮನೆಯಿಂದ ಬಂದವರಿರಲಿ, ಕೊಡವ ತಕ್ಕ್, ಮಲೆಯಾಳ, ಕನ್ನಡದ ಮನೆಗಳಿಂದ ಬಂದವರಿರಲಿ, ಎಲ್ಲರ ಮನೆಮಾತಿನಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಕೊನೆಯವರೆಗೆ ಕಾದು ಅರ್ಥ ಹಿಡಿಯುವುದು ನಮ್ಮ ಕಿವಿಗೂ ಕಣ್ಣಿಗೂ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷ್ ವಾಕ್ಯ ಹಾಗೆ ಕಾಯಿಸುವುದಿಲ್ಲ. ಕರ್ತೃವನ್ನೂ ಕ್ರಿಯಾಪದವನ್ನೂ ಮೊದಲೇ ಹೇಳಿ, ವಿವರಗಳನ್ನು ಹಿಂದಿನಿಂದ ಜೋಡಿಸುತ್ತಾ ಹೋಗುತ್ತದೆ. ಕೆಲವೊಮ್ಮೆ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಎರಡು ಸಾಲಿನ ವಿವರ ತುರುಕುತ್ತದೆ. ನೀನು ಕನ್ನಡದ ಅಭ್ಯಾಸದಂತೆ ಕೊನೆಗೆ ಕಾಯುತ್ತಾ ಕುಳಿತಾಗ ಮುಖ್ಯವಾದದ್ದು ಮಧ್ಯದಲ್ಲೆಲ್ಲೋ ದಾಟಿ ಹೋಗಿರುತ್ತದೆ.

ಇದನ್ನು ಕಣ್ಣಾರೆ ನೋಡೋಣ. ನಾನೇ ಕಟ್ಟಿದ ಈ ಒಂದು ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಳೆಯ ಮೇಲೆ ಬರೆದುಕೊ: "ದಿ ಗ್ರೋವರ್ಸ್ ಹೂ ಹ್ಯಾಡ್ ಕೆಪ್ಟ್ ದೇರ್ ಶೇಡ್ ಟ್ರೀಸ್, ದೋ ದೇ ಪಿಕ್ಡ್ ಲೆಸ್ ಕಾಫಿ, ಲಾಸ್ಟ್ ಮಚ್ ಲೆಸ್ ಸಾಯಿಲ್ ಇನ್ ದಿ ಹೆವಿ ರೇನ್ಸ್."

ಇದರಲ್ಲಿ ನಿನಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ ಮೊದಲ ಓದಿಗೆ ಯಾರು ಏನು ಕಳೆದುಕೊಂಡರು ಎಂಬುದು ಕಲಸಿಹೋಗುತ್ತದೆ. ಈಗ ಪೆನ್ಸಿಲ್ ಹಿಡಿದು "ಗ್ರೋವರ್ಸ್" ಅಡಿಯಲ್ಲಿ ಒಂದು ಗೆರೆ ಎಳೆ. ಬೆಳೆಗಾರರು ಏನು ಮಾಡಿದರು? "ಕೆಪ್ಟ್" ಅಲ್ಲ, ಅದು "ಹೂ" ಎಂಬುದರ ಹಿಂದೆ ಹೋದ ಕ್ರಿಯಾಪದ. "ಪಿಕ್ಡ್" ಕೂಡ ಅಲ್ಲ, ಅದು "ದೋ" ಹಿಡಿದುಕೊಂಡಿರುವ ಕ್ರಿಯಾಪದ. ಉಳಿದದ್ದು "ಲಾಸ್ಟ್". ಅದರ ಅಡಿಯಲ್ಲಿ ಎರಡನೆಯ ಗೆರೆ. ಬೆಳೆಗಾರರು ಕಡಿಮೆ ಮಣ್ಣು ಕಳೆದುಕೊಂಡರು. ವಾಕ್ಯದ ಬೆನ್ನೆಲುಬು ಇಷ್ಟೇ. ಯಾವ ಬೆಳೆಗಾರರು? ನೆರಳಿನ ಮರ ಉಳಿಸಿಕೊಂಡವರು. ಅದಕ್ಕೆ ಅವರು ತೆತ್ತ ಬೆಲೆ ಏನು? ಕಾಫಿ ಸ್ವಲ್ಪ ಕಡಿಮೆ ಸಿಕ್ಕಿತು. ಇದನ್ನೇ ಕನ್ನಡದಲ್ಲಿ ಬರೆಯುವುದಾದರೆ "ನೆರಳಿನ ಮರಗಳನ್ನು ಉಳಿಸಿಕೊಂಡಿದ್ದ ಬೆಳೆಗಾರರು" ಎಂದು ವಿವರವನ್ನೆಲ್ಲ ಮುಂದಿಟ್ಟು ಆಮೇಲೆ ಬೆಳೆಗಾರರನ್ನು ತರುತ್ತೇವೆ. ಇಂಗ್ಲಿಷಿನಲ್ಲಿ ಬೆಳೆಗಾರರು ಮೊದಲು ಬಂದು, ವಿವರ ಅವರ ಬೆನ್ನಿಗೆ ಬರುತ್ತದೆ. ಒಂದೊಂದು ಪದವನ್ನೂ ಕನ್ನಡಕ್ಕೆ ತಿರುಗಿಸುತ್ತಾ ಹೋದರೆ ಗಂಟು ಬೀಳುವುದು ಇಲ್ಲಿಯೇ.

ಮೊದಲ ಕೆಲವು ವಾರ ಉದ್ದ ವಾಕ್ಯ ಕಂಡಲ್ಲೆಲ್ಲ ಎರಡೇ ಗೆರೆ ಎಳೆ: ಯಾರು, ಏನು ಮಾಡಿದರು. ಬೇರೇನೂ ಬೇಡ. ಬೇಸರ ತರುವ ಕೆಲಸ ಎಂಬುದು ನನಗೆ ಗೊತ್ತು. ಆದರೆ ಸಿಯುಇಟಿ ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಪರೀಕ್ಷೆ, ಪರದೆಯ ಮೇಲೆ ಗೆರೆ ಎಳೆಯಲಾಗದು. ಕಾಗದದ ಮೇಲೆ ಪೆನ್ಸಿಲ್ ಮಾಡುವ ಕೆಲಸವನ್ನು ಅಷ್ಟು ಹೊತ್ತಿಗೆ ಕಣ್ಣೇ ಮಾಡುವಂತಾಗಿರಬೇಕು.

ಎರಡನೆಯ ತೊಡಕು ನಿಷೇಧದ್ದು. ಕನ್ನಡದಲ್ಲಿ "ಇಲ್ಲ", "ಅಲ್ಲ", "ಬಾರದು" ಎಲ್ಲವೂ ವಾಕ್ಯದ ತುದಿಯಲ್ಲಿ ಕಾಣಿಸಿಕೊಳ್ಳುತ್ತವೆ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಇಂಗ್ಲಿಷಿನಲ್ಲಿ "ಹಾರ್ಡ್ಲಿ", "ಸೆಲ್ಡಮ್", "ಅನ್‌ಲೆಸ್", "ನಾಟ್ ಆಲ್", "ಎ" ಇಲ್ಲದ ಬರೀ "ಫ್ಯೂ", ಇವು ವಾಕ್ಯದ ನಡುವೆ ಸದ್ದಿಲ್ಲದೆ ಕುಳಿತು ಇಡೀ ಅರ್ಥವನ್ನು ತಿರುಗಿಸಿಬಿಡುತ್ತವೆ. "ನಾಟ್ ಆಲ್" ಅಂದರೆ ಎಲ್ಲರೂ ಅಲ್ಲ, ಅಂದರೆ ಕೆಲವರು ಹೌದು. ಅವಸರದಲ್ಲಿ ಓದಿದವರು ಅದನ್ನು ಯಾರೂ ಇಲ್ಲ ಎಂದು ತಿಳಿಯುತ್ತಾರೆ, ಪ್ರಶ್ನೆ ತೆಗೆಯುವವರು ಇದನ್ನು ಚೆನ್ನಾಗಿ ಬಲ್ಲರು. ನೀನು ಯಾವುದಾದರೂ ಪಟ್ಟಿ ಬಾಯಿಪಾಠ ಮಾಡಲೇಬೇಕೆಂದಿದ್ದರೆ ಇಂತಹ ಪದಗಳನ್ನೂ, ಜೊತೆಗೆ ಮಾತನ್ನು ತಿರುಗಿಸುವ "ಹೌಎವರ್", "ಆಲ್ದೋ", "ಡಿಸ್ಪೈಟ್", "ನೆವರ್‌ದಿಲೆಸ್" ಮೊದಲಾದವನ್ನೂ ಮಾಡು. ಇವೆಲ್ಲ ಸೇರಿದರೂ ನೋಟ್‌ಬುಕ್ಕಿನ ಒಂದು ಪುಟ ತುಂಬುವುದಿಲ್ಲ.

ಇನ್ನು ನೀನು ಹೇಳಿದ "ಎರಡು ಸರಿಯೆನ್ನಿಸುತ್ತವೆ" ಎಂಬ ಮಾತು. ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಮೇಲಿನ ವಾಕ್ಯ ಒಂದು ಪ್ಯಾಸೇಜಿನಲ್ಲಿದೆ ಎಂದುಕೊ. ಮರ ಉಳಿಸಿಕೊಂಡ ಬೆಳೆಗಾರರ ಬಗ್ಗೆ ಲೇಖಕರು ಏನು ಹೇಳುತ್ತಾರೆ ಎಂಬುದು ಪ್ರಶ್ನೆ. ಮೊದಲ ಆಯ್ಕೆ, ಅವರ ತೋಟದಲ್ಲಿ ಮಣ್ಣು ಕೊಚ್ಚಿಹೋಗಲೇ ಇಲ್ಲ. ಎರಡನೆಯದು, ಮರ ಕಡಿದದ್ದೇ ಗುಡ್ಡ ಕುಸಿಯಲು ಕಾರಣ. ಮೂರನೆಯದು, ಇಳುವರಿ ಕಡಿಮೆಯಾದರೂ ಅವರಿಗೆ ಮಣ್ಣಿನ ನಷ್ಟ ಕಡಿಮೆ. ನಾಲ್ಕನೆಯದು, ನೆರಳಿನಲ್ಲಿ ಬೆಳೆದ ಕಾಫಿ ಹೆಚ್ಚು ರುಚಿ.

ಮೊದಲನೆಯದು ಹತ್ತಿರದಲ್ಲೇ ಇದೆ, ಆದರೆ ಕಡಿಮೆ ಎಂದದ್ದನ್ನು ಇಲ್ಲವೇ ಇಲ್ಲ ಎಂದು ಹಿಗ್ಗಿಸಿದೆ. ನಾಲ್ಕನೆಯದು ತೋಟದ ಮನೆಯಲ್ಲಿ ಕೇಳಿ ಬೆಳೆದ ಮಾತು, ಪ್ಯಾಸೇಜಿನಲ್ಲಿ ಅದರ ಸುಳಿವೇ ಇಲ್ಲ. ಇವೆರಡನ್ನು ನೀನು ಸುಲಭವಾಗಿ ತಳ್ಳಿಹಾಕುತ್ತೀಯೆ. ನಿನ್ನನ್ನು ಹಿಡಿಯುವುದು ಎರಡನೆಯದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜರಿದು ಬಂದದ್ದು ನಿನ್ನ ವಯಸ್ಸಿನ ಮಕ್ಕಳ ನೆನಪಿನಿಂದ ಹೋಗುವಂಥದ್ದಲ್ಲ. ಏಕೆ ಕುಸಿಯಿತು ಎಂದು ನಿಮ್ಮ ಮನೆಯಲ್ಲಿ ಎಷ್ಟೋ ಸಲ ಮಾತಾಗಿರುತ್ತದೆ. ಆ ನೆನಪು ಎದ್ದು ಬಂದು "ಇದೇ ಸರಿ" ಎನ್ನುತ್ತದೆ. ಆದರೆ ವಾಕ್ಯದಲ್ಲಿ ಗುಡ್ಡ ಇಲ್ಲ, ಕುಸಿತ ಇಲ್ಲ, ಮರ ಕಡಿದವರ ಮಾತೂ ಇಲ್ಲ. ನಿನಗೆ ಗೊತ್ತಿರುವುದು ನಿಜವೇ ಇರಬಹುದು. ಪರೀಕ್ಷೆ ಕೇಳುತ್ತಿರುವುದು ಲೇಖಕರು ಹೇಳಿದ್ದನ್ನು. ಪ್ರತಿ ಉತ್ತರಕ್ಕೂ ಪ್ಯಾಸೇಜಿನ ಒಂದು ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿದೆ" ಎಂದು ತೋರಿಸಲು ಬರಬೇಕು. ಬರದಿದ್ದರೆ ಆ ಆಯ್ಕೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡು. ಚುರುಕಾದ, ಲೋಕಜ್ಞಾನವಿರುವ ಮಕ್ಕಳೇ ಇದರಲ್ಲಿ ಹೆಚ್ಚು ಎಡವುತ್ತಾರೆ. ನಿನ್ನ ಪತ್ರ ಓದಿದರೆ ನೀನೂ ಆ ಜಾತಿಯವಳೇ ಎನ್ನಿಸುತ್ತದೆ.

ಅದಕ್ಕಾಗಿ ಒಂದು ತಪ್ಪಿನ ಪುಸ್ತಕ ಇಟ್ಟುಕೊ. ಉತ್ತರ ತಪ್ಪಾದಾಗ ಸರಿ ಉತ್ತರವನ್ನು ಬರೆದು ಸುಮ್ಮನಾಗಬೇಡ, ಏಕೆ ತಪ್ಪಿತು ಎಂದು ಒಂದು ಸಾಲು ಬರೆ. ಹಿಗ್ಗಿಸಿದ್ದನ್ನು ನಂಬಿದೆನೇ? ನನಗೆ ಗೊತ್ತಿದ್ದದ್ದನ್ನು ತುರುಕಿದೆನೇ? ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದೆನೇ? "ಇಟ್" ಎಂದದ್ದು ಯಾವುದನ್ನು, "ದೇ" ಎಂದದ್ದು ಯಾರನ್ನು ಎಂಬುದು ತಪ್ಪಿತೇ? ಸ್ವಲ್ಪ ದಿನ ಹೀಗೆ ಬರೆದಿಟ್ಟರೆ ನೀನು ಒಂದೇ ಬಗೆಯ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿರುವುದು ಕಾಣುತ್ತದೆ. ಎಲ್ಲರಿಗೂ ಹೇಳುವ ಒಂದೇ ಪಾಠವನ್ನು ಕೋಚಿಂಗ್‌ನಲ್ಲಿ ನಿನಗೂ ಹೇಳುತ್ತಾರೆ. ನಿನ್ನ ತಪ್ಪು ಯಾವುದೆಂದು ಹೇಳಬಲ್ಲದ್ದು ಆ ಪುಸ್ತಕವೊಂದೇ.

ದಿನಕ್ಕೆ ಮುನ್ನೂರು, ಮುನ್ನೂರೈವತ್ತು ಪದಗಳ ಒಂದೇ ಒಂದು ಬರಹ ಸಾಕು, ಪರೀಕ್ಷೆಯಲ್ಲೂ ಪ್ಯಾಸೇಜುಗಳು ಹೆಚ್ಚೆಂದರೆ ಅಷ್ಟು ಉದ್ದ. ಮೊದಲ ಸಲ ಎಲ್ಲಿಯೂ ನಿಲ್ಲದೆ ಕೊನೆಯವರೆಗೆ ಓದು. ನಿಘಂಟು ದೂರವಿರಲಿ, ಮೊಬೈಲ್ ಇನ್ನೂ ದೂರವಿರಲಿ. ಓದಿ ಮುಗಿಸಿ, ಬರಹವನ್ನು ಮುಚ್ಚಿಟ್ಟು, ಲೇಖಕರು ಹೇಳಿದ್ದೇನು ಎಂದು ಒಂದೇ ವಾಕ್ಯದಲ್ಲಿ ಬರೆ. ಕನ್ನಡದಲ್ಲೇ ಬರೆ, ಅರೆಭಾಷೆಯಲ್ಲಾದರೂ ಸರಿ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಯೋಚಿಸಬೇಕು ಎಂದು ಹೆದರಿಸುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಪದ ಪದವನ್ನೂ ಕನ್ನಡಕ್ಕೆ ಎಳೆದು ತರುವುದು ಬೇಡ ಎಂದೆ. ಇಡೀ ಬರಹದ ಸಾರ ನಿನ್ನ ಮನೆಮಾತಿನಲ್ಲಿ ಬಂದರೆ ಅದು ನಿನಗೆ ಅರ್ಥವಾಗಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ. ಎರಡನೆಯ ಓದಿನಲ್ಲಿ ಪ್ರತಿ ಪ್ಯಾರಾದ ಪಕ್ಕದಲ್ಲಿ ಆ ಪ್ಯಾರಾ ಮಾಡುತ್ತಿರುವ ಕೆಲಸವನ್ನು ಎರಡು ಪದಗಳಲ್ಲಿ ಗುರುತು ಹಾಕು: "ದೂರು", "ಉದಾಹರಣೆ", "ಎದುರು ವಾದ", "ತನ್ನ ನಿಲುವು". ಇದಾದ ಮೇಲೆ ನಿಘಂಟು ತೆರೆ.

ಆಮೇಲಿನ ಕೆಲಸ ಸ್ವಲ್ಪ ಕಷ್ಟದ್ದು, ಆದರೆ ನಾನು ಅತಿ ಹೆಚ್ಚು ನಂಬಿರುವುದು ಅದನ್ನೇ. ಆ ಬರಹದ ಮೇಲೆ ನೀನೇ ಒಂದು ಪ್ರಶ್ನೆ ತೆಗೆ. ಒಂದು ಸರಿ ಉತ್ತರ, ಮೂರು ತಪ್ಪು ಉತ್ತರ. ನಂಬುವಂತಹ ತಪ್ಪು ಉತ್ತರ ಬರೆಯಲು ಹೊರಟಾಗ ಪ್ರಶ್ನೆ ತೆಗೆಯುವವರ ಜಾಣತನವೆಲ್ಲ ಬಯಲಾಗುತ್ತದೆ. ನಿನ್ನಂತೆಯೇ ಪರೀಕ್ಷೆ ಬರೆಯುವ ಗೆಳತಿಯೊಬ್ಬಳು ಇದ್ದರೆ ಮಡಿಕೇರಿ ಬಸ್ಸಿನಲ್ಲಿ ಹಾಳೆ ಬದಲಾಯಿಸಿಕೊಳ್ಳಿ. ಅವಳ ಬಲೆಗೆ ನೀನು ಬಿದ್ದೆಯಾ, ನಿನ್ನ ಬಲೆಗೆ ಅವಳು ಬಿದ್ದಳಾ ನೋಡಿ. ತರಗತಿಯಲ್ಲಿ ಇದನ್ನು ಮಾಡಿಸಿದಾಗಲೆಲ್ಲ ಹಿಂದಿನ ಬೆಂಚಿನ ಮಕ್ಕಳೇ ಅತಿ ಸೊಗಸಾದ ತಪ್ಪು ಉತ್ತರಗಳನ್ನು ಹೆಣೆಯುತ್ತಿದ್ದರು, ನನಗೆ ಅದು ಬಹಳ ಸಂತೋಷ ಕೊಡುತ್ತಿತ್ತು.

ಓದಲು ಏನು ಎಂದು ಕೇಳುತ್ತೀಯಲ್ಲವೇ? ಆರಂಭಕ್ಕೆ ಬೆಳಿಗ್ಗೆ ಪ್ರಜಾವಾಣಿಯಲ್ಲಿ ಓದಿದ ಸುದ್ದಿಯನ್ನೇ ಡೆಕ್ಕನ್ ಹೆರಾಲ್ಡ್‌ನಲ್ಲಿ ಹುಡುಕಿ ಓದು. ವಿಷಯ ಮೊದಲೇ ಗೊತ್ತಿರುವುದರಿಂದ ವಾಕ್ಯಗಳ ಕಟ್ಟಡದ ಮೇಲೆ ಗಮನ ನಿಲ್ಲುತ್ತದೆ. ಒಂದೆರಡು ತಿಂಗಳಾದ ಮೇಲೆ ಕ್ರಮ ತಿರುಗಿಸು, ಇಂಗ್ಲಿಷ್ ಮೊದಲು, ಕನ್ನಡ ಆಮೇಲೆ. ಮಡಿಕೇರಿಯ ಜಿಲ್ಲಾ ಗ್ರಂಥಾಲಯದಲ್ಲಿ ಕುಳಿತು ಓದಿದರೆ ಪತ್ರಿಕೆಯ ಖರ್ಚೂ ಇಲ್ಲ. ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೆಯ ತರಗತಿಯ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರದ ಇಂಗ್ಲಿಷ್ ಪುಸ್ತಕಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳ ಗದ್ಯ ಸ್ವಚ್ಛ, ಪರೀಕ್ಷೆಯ ಮಾಹಿತಿಪರ ಪ್ಯಾಸೇಜುಗಳಿಗೆ ಬಹಳ ಹತ್ತಿರ. ಸಿಯುಇಟಿಯಲ್ಲಿ ಕಥನದ ಪ್ಯಾಸೇಜು, ಸಾಹಿತ್ಯದ ಪ್ಯಾಸೇಜೂ ಇರುತ್ತವೆ. ಅದಕ್ಕೆ ಅದೇ ತರಗತಿಗಳ ಇಂಗ್ಲಿಷ್ ಪಠ್ಯದ ಕಥೆಗಳನ್ನು ಓದು.

ಪರೀಕ್ಷೆಯ ಲೆಕ್ಕವನ್ನೂ ತಿಳಿದಿರಬೇಕು. 2025ರಿಂದ ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ, ಎಲ್ಲ ಪ್ರಶ್ನೆಗಳೂ ಕಡ್ಡಾಯ. ಅಂದರೆ ಒಂದಕ್ಕೆ 72 ಸೆಕೆಂಡು. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಮಕ್ಕಳು ಈ ಕಡಿತಕ್ಕೆ ಹೆದರಿ ಪ್ರಶ್ನೆ ಬಿಡುತ್ತಾರೆ. ಸ್ವಲ್ಪ ಲೆಕ್ಕ ಹಾಕು. ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆಗೆ ಉತ್ತರಿಸಿ ಒಂದು ಸರಿಯಾದರೂ 5 ಬಂದು 3 ಹೋಗಿ 2 ಉಳಿಯುತ್ತದೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲೆಯಾದರೆ ಲಾಭ ಇನ್ನೂ ಹೆಚ್ಚು. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಇದೇ ಪತ್ರಿಕೆಯಲ್ಲಿ ವಾಕ್ಯಭಾಗಗಳನ್ನು ಜೋಡಿಸುವ ಪ್ರಶ್ನೆ, ಸಮಾನಾರ್ಥ, ವಿರುದ್ಧಾರ್ಥದ ಪ್ರಶ್ನೆಗಳೂ ಇರುತ್ತವೆ. ಅವನ್ನು ಬೇಗ ಮುಗಿಸಿ ಉಳಿಸಿದ ಸಮಯವನ್ನು ಪ್ಯಾಸೇಜಿಗೆ ಕೊಡು. ನಿಯಮಗಳು ಬದಲಾಗುವುದುಂಟು, ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ನೋಡು.

ಇನ್ನೆರಡು ವಿಷಯ ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಸಿಯುಇಟಿ ಮೂಲಕ ಹೋದರೆ ಪದವಿಯನ್ನು ಮೊದಲ ವರ್ಷದಿಂದಲೇ ಆರಂಭಿಸಬೇಕು. ಇದನ್ನು ಮನೆಯಲ್ಲಿ ಈಗಲೇ ಹೇಳಿಬಿಡು, ಆಮೇಲೆ ಗೊತ್ತಾಗುವುದು ಬೇಡ. ಇನ್ನೊಂದು ಸಮಾಧಾನದ ಮಾತು: ಈ ಪರೀಕ್ಷೆ ಹದಿಮೂರು ಭಾಷೆಗಳಲ್ಲಿ ನಡೆಯುತ್ತದೆ, ಅದರಲ್ಲಿ ಕನ್ನಡವೂ ಇದೆ. ಇತಿಹಾಸ, ರಾಜ್ಯಶಾಸ್ತ್ರದಂತಹ ವಿಷಯಗಳನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಭಯವನ್ನು ಎಲ್ಲ ಪತ್ರಿಕೆಗಳಿಗೂ ಹರಡಿಕೊಳ್ಳುವ ಅಗತ್ಯವಿಲ್ಲ.

ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಿಗೆ ಬರುತ್ತದೆ. ನಮ್ಮ ಕಡೆಯ ವರ್ಷಕ್ಕೆ ಇದು ಹೊಂದುತ್ತದೆ. ಆಟಿ ತಿಂಗಳ ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಭಾಗಮಂಡಲದ ಕಡೆ ರಸ್ತೆಯ ಮೇಲೆ ನೀರು ಬಂದರೆ ಕಾಲೇಜೂ ಇಲ್ಲ. ಕಾಗದ, ಪೆನ್ಸಿಲ್ ಹಿಡಿದು ನಿಧಾನವಾಗಿ ಗೆರೆ ಎಳೆಯುವ ಓದಿಗೆ ಅದೇ ಕಾಲ. ಮಳೆಗಾಲಕ್ಕೆ ಮೊದಲೇ ಗ್ರಂಥಾಲಯದ ಪತ್ರಿಕೆಗಳಿಂದ ಸಂಪಾದಕೀಯಗಳ ಜೆರಾಕ್ಸ್ ಮಾಡಿಸಿಟ್ಟುಕೊ. ಕಾಫಿ ಕೊಯ್ಲು ಶುರುವಾದರೆ ಮನೆಯವರ ಜೊತೆ ನೀನೂ ತೋಟಕ್ಕೆ ಇಳಿಯಬೇಕಾಗುತ್ತದೆ. ಆಗ ದಿನಕ್ಕೊಂದು ಬರಹ, ಒಂದು ವಾಕ್ಯದ ಸಾರ, ಅಷ್ಟೇ ಇರಲಿ, ಆದರೆ ಬಿಡಬೇಡ. ಕೊಯ್ಲು ಮುಗಿದ ಮೇಲೆ ಗಡಿಯಾರ ಇಟ್ಟುಕೊಂಡು ಓದು. ಸಿಯುಇಟಿ ನಡೆಸುವ ಎನ್‌ಟಿಎ ಸಂಸ್ಥೆಯ ಜಾಲತಾಣದ ಅಣಕು ಪರೀಕ್ಷೆಗಳನ್ನು ಕಾಲೇಜಿನ ಕಂಪ್ಯೂಟರ್‌ನಲ್ಲಿ ಬರೆ. ಪರದೆಯ ಮೇಲೆ ಓದುವಾಗ ಕಣ್ಣು ಸಾಲು ತಪ್ಪುತ್ತದೆ, ಅದಕ್ಕೂ ರೂಢಿ ಬೇಕು.

ಪ್ರಶ್ನೆ: ಮೇಡಂ, ನಾನು ಸೋಮವಾರಪೇಟೆಯವನು. ಮಗ ಒಂದನೆಯ ತರಗತಿಯಿಂದಲೂ ಇಂಗ್ಲಿಷ್ ಮಾಧ್ಯಮ. ಪಟಪಟನೆ ಇಂಗ್ಲಿಷ್ ಮಾತನಾಡುತ್ತಾನೆ. ಆದರೆ ಅಣಕು ಪರೀಕ್ಷೆಗಳಲ್ಲಿ ಪ್ಯಾಸೇಜಿನ ಅಂಕ ಅರ್ಧಕ್ಕಿಂತ ಕಡಿಮೆ. ಅವನು ಓದುತ್ತಿಲ್ಲವೆಂದು ಮನೆಯಲ್ಲಿ ದಿನವೂ ಜಗಳ.

ಉತ್ತರ: ಜಗಳ ನಿಲ್ಲಿಸಿ, ದಯವಿಟ್ಟು. ಮಾತನಾಡುವ ಇಂಗ್ಲಿಷಿನಲ್ಲಿ ವಾಕ್ಯಗಳು ಚಿಕ್ಕವು, ಎದುರಿನವರ ಮುಖ ನೋಡಿಯೇ ಅರ್ಧ ತಿಳಿಯುತ್ತದೆ. ಅಚ್ಚಿನ ಗದ್ಯದಲ್ಲಿ ಆ ಸಹಾಯ ಇಲ್ಲ. ನಿಮ್ಮ ಮಗನಂತಹ ಮಕ್ಕಳು ಎಲ್ಲ ಅರ್ಥವಾಯಿತೆಂಬ ಭರವಸೆಯಲ್ಲಿ ಕಣ್ಣು ಓಡಿಸಿಬಿಡುತ್ತಾರೆ. ಮೇಲೆ ಚೇರಂಬಾಣೆಯ ಹುಡುಗಿಗೆ ಬರೆದದ್ದು ಅವನಿಗೂ ಅನ್ವಯಿಸುತ್ತದೆ, ವಿಶೇಷವಾಗಿ ಪ್ಯಾಸೇಜಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸುವ ಮಾತು. ನೀವು ಒಂದು ಕೆಲಸ ಮಾಡಬಹುದು. ರಾತ್ರಿ ಊಟದ ಹೊತ್ತಿಗೆ ಅವನು ಅಂದು ಓದಿದ ಬರಹವನ್ನು ಕನ್ನಡದಲ್ಲಿ ನಿಮಗೆ ಹೇಳಲಿ. ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ. "ಹಾಗೆಂದು ಏಕೆ ಹೇಳಿದರು?" ಎಂದು ಎರಡು ಸಲ ಕೇಳಿ. ಉತ್ತರ ತಡವರಿಸಿದ ಜಾಗದಲ್ಲೇ ಅವನು ಓದದೆ ಹಾರಿರುತ್ತಾನೆ. ಮರಳಿ ಹೋಗಿ ಅದೊಂದು ಪ್ಯಾರಾ ಓದಲಿ. ಬೈಯಬೇಡಿ, ಅವನಿಗೇ ಗೊತ್ತಾಗಿರುತ್ತದೆ.

ಪ್ರಶ್ನೆ: ಮೊದಲು ಪ್ರಶ್ನೆಗಳನ್ನು ಓದಬೇಕೇ, ಪ್ಯಾಸೇಜನ್ನೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. — ಕುಶಾಲನಗರದ ವಿದ್ಯಾರ್ಥಿ

ಉತ್ತರ: ಮಾಹಿತಿಪರ ಪ್ಯಾಸೇಜಿಗೆ ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಹೋಗುವುದರಿಂದ ನಷ್ಟವಿಲ್ಲ, ಇಸವಿ, ಕಾರಣ, ಹೆಸರು ಎಲ್ಲಿದೆಯೆಂದು ಬೇಗ ಸಿಗುತ್ತದೆ. ಆದರೆ ಆಯ್ಕೆಗಳನ್ನು ಆಗ ಓದಬೇಡಪ್ಪ, ಪ್ರಶ್ನೆಯನ್ನು ಮಾತ್ರ. ತಪ್ಪು ಆಯ್ಕೆಗಳು ತಲೆಯಲ್ಲಿ ಕುಳಿತರೆ ಪ್ಯಾಸೇಜಿನಲ್ಲಿ ಅವೇ ಕಾಣತೊಡಗುತ್ತವೆ. ಕಥೆಯೋ ಕವಿತೆಯೋ ಬಂದರೆ ಮಾತ್ರ ಪ್ರಶ್ನೆಗೆ ಕೈ ಹಾಕದೆ ಮೊದಲು ಅದನ್ನೇ ಪೂರ್ತಿ ಓದು. ಅಲ್ಲಿ ಕೇಳುವುದು ಹೆಚ್ಚಾಗಿ ಪಾತ್ರದ ಮನಸ್ಸಿನ ಬಗ್ಗೆ, ಬರೆದವರ ಧಾಟಿಯ ಬಗ್ಗೆ. ಅವು ಒಂದು ಸಾಲಿನಲ್ಲಿ ಸಿಗುವುದಿಲ್ಲ, ಕೊನೆಯ ಸಾಲಿಗೆ ಬಂದಾಗ ಮೊದಲ ಸಾಲೂ ನೆನಪಿರಬೇಕು. ಎರಡು ವಿಧಾನವನ್ನೂ ಐದೈದು ಪ್ಯಾಸೇಜಿನ ಮೇಲೆ ಗಡಿಯಾರ ಇಟ್ಟು ಪರೀಕ್ಷಿಸು. ನಿನಗೆ ಯಾವುದರಲ್ಲಿ ಹೆಚ್ಚು ಅಂಕ ಬರುತ್ತದೋ ಅದನ್ನು ಹಿಡಿ, ಪರೀಕ್ಷೆಗೆ ಒಂದು ತಿಂಗಳಿರುವಾಗ ಬದಲಾಯಿಸಬೇಡ.